ಬಸ್ಸಿನ ಬಾಗಿಲ ಡಿಜೆ

ಹಾಸನದಲ್ಲಿ ಖಾಸಗಿ ಬಸ್ಸಿನ ಬಾಗಿಲಿಗೆ ಜೋತುಬಿದ್ದು ಕೂಗುವ ಹುಡುಗನ ಮಾತನ್ನು ಎಂದಾದರೂ ನಿಂತು ಕೇಳಿದ್ದೀರಾ? "ನರ್ಸೀಪುರ ನರ್ಸೀಪುರ, ಹತ್ಕಳಿ ಹತ್ಕಳಿ, ಸೀಟೈತೆ ಬನ್ನಿ ಸೀಟೈತೆ!" ಪಕ್ಕದಲ್ಲಿ ಅರಕಲಗೂಡು ಬಸ್ಸಿನವನು ಅದಕ್ಕಿಂತ ಒಂದು ದನಿ ಮೇಲೆ. ಇಂಜಿನ್ನಿನ ಗಡಗಡ ಸದ್ದೇ ಇಬ್ಬರಿಗೂ ತಾಳ.

ಜಮೈಕಾದಲ್ಲಿ ಇಂಥ ಬಾಯಿಗೇ ಡಿಜೆ ಎನ್ನುತ್ತಾರೆ. ನಮ್ಮಲ್ಲಿ ಡಿಜೆ ಎಂದರೆ ಗಣೇಶನ ಮೆರವಣಿಗೆಯ ಟ್ರ್ಯಾಕ್ಟರ್ ಮೇಲೆ ಪೇರಿಸಿದ ಪೆಟ್ಟಿಗೆಗಳು, ಹಿಂದೆಯೇ ಪೊಲೀಸರು. ಅಲ್ಲಿ ರೆಕಾರ್ಡ್ ಹಾಕುವವನು ಸೆಲೆಕ್ಟರ್. ಗಾಯಕನ ದನಿ ತೆಗೆದು ವಾದ್ಯವಷ್ಟೇ ಉಳಿಸಿದ ರೆಕಾರ್ಡ್ ತಿರುಗುತ್ತಿದ್ದರೆ, ಅದರ ಮೇಲೆ ಮೈಕ್ ಹಿಡಿದು ಪ್ರಾಸ ಕಟ್ಟುತ್ತಾ ಹರಟುವವನು ಡಿಜೆ. ಯು-ರಾಯ್ ಎಂಬಾತ 1961ರಿಂದಲೇ ಕಿಂಗ್‌ಸ್ಟನ್ನಿನ ಕುಣಿತದ ಕೂಟಗಳಲ್ಲಿ ಹೀಗೆ ಬಾಯಿ ಮಾಡುತ್ತಿದ್ದ. ಅವನಿಗೆ ಹೆಸರು ಬಂದದ್ದು 1970ರಲ್ಲಿ. ನಿರ್ಮಾಪಕ ಡ್ಯೂಕ್ ರೀಡ್‌ಗೆ ಇವನ ಶಿಫಾರಸು ಮಾಡಿದವನು ಜಾನ್ ಹೋಲ್ಟ್. ಯಾರ ಹಾಡಿನ ಮೇಲೆ ಇವನು ಹರಟುತ್ತಿದ್ದನೋ ಆ ಗಾಯಕನೇ! (ನಮ್ಮಲ್ಲಾಗಿದ್ದರೆ ಕೇಸು ಬೀಳುತ್ತಿತ್ತು.) ಆ ವರ್ಷ ಜಮೈಕಾದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ 3 ಸ್ಥಾನವೂ ಯು-ರಾಯ್‌ನವೇ. ಅವನು ಆಡಿದ್ದು ಶಾಲೆಯ ಇಂಗ್ಲಿಷನ್ನಲ್ಲ, ತನ್ನ ಕೇರಿಯ ನುಡಿಯನ್ನು. ಕಿಂಗ್‌ಸ್ಟನ್ನಿನಲ್ಲೇ ಹುಟ್ಟಿದ ಕೂಲ್ ಹರ್ಕ್ ಈ ಪೆಟ್ಟಿಗೆ-ಮೈಕಿನ ಕಸುಬನ್ನು 1973ರಲ್ಲಿ ನ್ಯೂಯಾರ್ಕಿನಲ್ಲಿ ಹೂಡಿದ. ರ‍್ಯಾಪ್ ಬೆಳೆದದ್ದು ಅಲ್ಲಿಂದ.

ಅದರದೊಂದು ಬಿಳಲು ಶಾಂತಿಗ್ರಾಮಕ್ಕೂ ಇಳಿದಿದೆ. ಚನ್ನರಾಯಪಟ್ಟಣದ ದಾರಿಯಲ್ಲಿ, ಟೋಲ್ ಕಟ್ಟುವಾಗ ಮಾತ್ರ ಬಹಳ ಜನಕ್ಕೆ ನೆನಪಾಗುವ ಊರು. ರ‍್ಯಾಪರ್ ಚಂದನ್ ಶೆಟ್ಟಿ ಅಲ್ಲಿಯವರು. ಸಂಗೀತ ನಿರ್ದೇಶಕ ಅರ್ಜುನ್ ಜನ್ಯ ಅವರ ಬಳಿ ಸಹಾಯಕರಾಗಿ ಕೆಲಸ ಕಲಿತರು. ಸಿನಿಮಾದವರೇ ಕರೆಯಲೆಂದು ಕೂರದೆ ‘ಹಾಳಾಗೋದೆ’, ‘3 ಪೆಗ್’ ಎಂದು ಸ್ವಂತ ಹಾಡುಗಳನ್ನು ಯೂಟ್ಯೂಬಿಗೆ ಬಿಟ್ಟರು. 2018ರ ಜನವರಿಯಲ್ಲಿ ಬಿಗ್ ಬಾಸ್ 5ನೇ ಸೀಸನ್ ಗೆದ್ದರು.

ಅವರ ಧೈರ್ಯಕ್ಕೆ ನನ್ನ ಪೂರ್ತಿ ಅಂಕ. ‘3 ಪೆಗ್’ ಮಾತ್ರ ರುಚಿಸಲಿಲ್ಲ. ಕುಡಿತದ ಹಾಡಿಗೆ ಕನ್ನಡದಲ್ಲಿ ಬರವೇನಿಲ್ಲ; ಬರ ಇರುವುದು "ಸೀಟೈತೆ ಬನ್ನಿ" ಎನ್ನುವ ಕನ್ನಡಕ್ಕೆ. ಆ ಮಾತು ಮೈಕಿನ ಮುಂದೆ ನಿಂತ ಕೂಡಲೇ ಯಾಕೋ ಇಸ್ತ್ರಿ ಅಂಗಿ ತೊಟ್ಟುಬಿಡುತ್ತದೆ.

ಮುಂದಿನ ಗಣೇಶನಿಗೆ ಪೆಟ್ಟಿಗೆ ತರಿಸುವ ಹುಡುಗರಲ್ಲಿ ಒಂದು ಕೋರಿಕೆ. ಅರ್ಧ ಗಂಟೆ ಹಾಡು ನಿಲ್ಲಿಸಿ, ಬರೀ ತಾಳ ಬಿಟ್ಟು, ಮೈಕನ್ನು ಆ ನರಸೀಪುರದ ಬಸ್ಸಿನ ಹುಡುಗನ ಕೈಗೆ ಕೊಡಿ.