ಮಂಜಿನ ದಾರಿಯಲ್ಲಿ ಈರ್ಯಾಸಮಿತಿ

ಕಣ್ಣಿಗೆ ಕಾಣದ ನೆಲದ ಮೇಲೆ ವಾಹನವನ್ನು ವೇಗವಾಗಿ ಓಡಿಸುವುದು, ಯಾರಿಗೂ ಪೆಟ್ಟಾಗದಿದ್ದರೂ, ಹಿಂಸೆಯಾಗುತ್ತದೆಯೇ ಎಂಬುದು ಮೇಲ್ನೋಟಕ್ಕೆ ಸಂಚಾರ ನಿಯಮದ ವಿಷಯವೆಂದು ತೋರಿದರೂ ಮೂಲತಃ ಧರ್ಮದ ಪ್ರಶ್ನೆಯಾಗಿದೆ. ನಿಪ್ಪಾಣಿ ತಾಲೂಕಿನ ಅಕ್ಕೋಳದಂಥ ವೇದಗಂಗಾ ತೀರದ ಊರುಗಳಿಗೆ ಇದು ಹೊರಗಿನಿಂದ ಬಂದ ಪ್ರಶ್ನೆಯಲ್ಲ. ಮೋಡವಿಲ್ಲದ ಚಳಿಗಾಲದ ರಾತ್ರಿಯಲ್ಲಿ ನೆಲವು ತನ್ನ ಕಾವನ್ನು ಕಳೆದುಕೊಂಡು, ಹೊಳೆಯ ಮತ್ತು ನೀರುಂಡ ಕಬ್ಬಿನ ಗದ್ದೆಗಳ ತೇವವು ತಣಿದು ಸಣ್ಣ ಹನಿಗಳಾಗಿ ನೆಲಮಟ್ಟದಲ್ಲೇ ನಿಂತಾಗ ಮಂಜು ಕವಿಯುತ್ತದೆ. ಕಬ್ಬು ನುರಿಸುವ ಹಂಗಾಮೂ ಅದೇ ತಿಂಗಳುಗಳಲ್ಲಿ ಬರುವುದರಿಂದ ಎರಡೆರಡು ಟ್ರೇಲರ್ ಜೋಡಿಸಿದ ಟ್ರ್ಯಾಕ್ಟರ್‌ಗಳು ನಸುಕಿನಲ್ಲೇ ಕಾರ್ಖಾನೆಯ ಹಾದಿ ಹಿಡಿಯುತ್ತವೆ, ಹೊರಚಾಚಿದ ಕಬ್ಬಿನ ತುದಿಗಳು ಹಿಂದಿನ ಕೆಂಪು ದೀಪವನ್ನು ಮರೆಮಾಡುತ್ತವೆ.

ಈ ಪ್ರಶ್ನೆಗೆ ಉತ್ತರ ಇದೇ ನೆಲದ ಆಚಾರದಲ್ಲಿದೆ. ಇಪ್ಪತ್ತನೆಯ ಶತಮಾನದಲ್ಲಿ ದಿಗಂಬರ ಜೈನ ಮುನಿ ಪರಂಪರೆಗೆ ಮತ್ತೆ ಜೀವ ತುಂಬಿದ ಆಚಾರ್ಯ ಶಾಂತಿಸಾಗರರು (1872–1955) ಅಕ್ಕೋಳಕ್ಕೆ ಸಮೀಪದ ಭೋಜ ಗ್ರಾಮದವರು. ಅವರು ದೇಶವನ್ನೆಲ್ಲ ಕಾಲ್ನಡಿಗೆಯಲ್ಲೇ ಸುತ್ತಿದರು. ಆ ನಡಿಗೆಯನ್ನು ಆಳುವ ನಿಯಮಕ್ಕೆ ಈರ್ಯಾಸಮಿತಿ, ಅಂದರೆ ನಡೆಯುವಾಗಿನ ಎಚ್ಚರ, ಎಂದು ಹೆಸರು: ಹಗಲಿನ ಬೆಳಕಿನಲ್ಲಿ, ಜನ ಓಡಾಡಿದ ದಾರಿಯಲ್ಲಿ, ಒಂದು ನೊಗದಷ್ಟು, ಎಂದರೆ ನಾಲ್ಕು ಮೊಳದಷ್ಟು ನೆಲವನ್ನು ನೋಡಿಕೊಂಡೇ ಹೆಜ್ಜೆಯಿಡಬೇಕು. ನಾಲ್ಕು ಮೊಳವೆಂಬುದನ್ನು ಬರಿಯ ನೋಟದ ಅಳತೆಯೆಂದು ತಿಳಿಯುವುದು ಸಾಲದು. ಅದು ನಡೆಯುವವನು ತನ್ನನ್ನು ತಡೆದು ನಿಲ್ಲಿಸಿಕೊಳ್ಳಬಲ್ಲ ಅಳತೆಯೂ ಹೌದು. ಗಂಟೆಗೆ 60 ಕಿ.ಮೀ. ವೇಗದ ವಾಹನವು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಅಡ್ಡಿಯನ್ನು ಕಂಡು ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲಿ ಸುಮಾರು 25 ಮೀಟರ್ ಕಳೆದು, ತೇವದ ರಸ್ತೆಯಲ್ಲಿ ನಿಲ್ಲಲು ಮತ್ತೆ ಕನಿಷ್ಠ ಅಷ್ಟೇ ದೂರ ಬೇಕಾಗುತ್ತದೆ. ಅತಿದಟ್ಟ ಮಂಜೆಂದರೆ 50 ಮೀಟರ್ ಕೂಡ ಕಾಣದ ಮಂಜು. ಹೆಡ್‌ಲೈಟನ್ನು ಮೇಲೆತ್ತಿದರೆ ಹನಿಗಳು ಆ ಬೆಳಕನ್ನು ಚಾಲಕನ ಕಣ್ಣಿಗೇ ತಿರುಗಿ ಎರಚುವುದರಿಂದ ನೋಟ ಇನ್ನೂ ಕುಗ್ಗುತ್ತದೆ. ಅಂಥಲ್ಲಿ 60ರ ವೇಗದಲ್ಲಿ ಹೋಗುವವನು ತಾನು ನಿಲ್ಲಲಾಗದ ಜಾಗಕ್ಕೆ ನುಗ್ಗುತ್ತಿರುತ್ತಾನೆ.

ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಹಿಂಸೆಯನ್ನು ವಿವರಿಸುವಾಗ ಪ್ರಾಣಹಾನಿಯ ಜೊತೆಗೆ ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು, ಸೇರಿಸುತ್ತದೆ. ಪೂಜ್ಯಪಾದರ ಸರ್ವಾರ್ಥಸಿದ್ಧಿ ವ್ಯಾಖ್ಯಾನದ ಪ್ರಕಾರ, ಎಚ್ಚರದಿಂದ ನಡೆಯುವ ಮುನಿಯ ಕಾಲಡಿಗೆ ಹುಳುವೊಂದು ಬಂದು ಸತ್ತರೂ ಅವನಿಗೆ ಪಾಪದ ಬಂಧವಿಲ್ಲ. ಎಚ್ಚರಗೇಡಿಗಾದರೋ ಜೀವ ಸಾಯಲಿ, ಉಳಿಯಲಿ, ಹಿಂಸೆ ತಪ್ಪಿದ್ದಲ್ಲ. ಆದ್ದರಿಂದ ಮಂಜಿನಲ್ಲಿ ವೇಗವಾಗಿ ಹೋಗಿ ಕ್ಷೇಮವಾಗಿ ಮನೆ ಮುಟ್ಟಿದವನು ನಿರ್ದೋಷಿಯಲ್ಲ.

ಅಪಘಾತವಾದ ಮೇಲೆ “ಅವನ ಆಯುಷ್ಯ ಅಷ್ಟೇ ಇತ್ತು” ಎಂಬ ಮಾತು ಊರಿನ ಕಟ್ಟೆಯ ಮೇಲೆ ಕೇಳಿಬರುವುದುಂಟು. ದುಃಖಿತರಿಗೆ ಆ ಮಾತು ಆಸರೆಯಾಗಬಹುದು, ಆದರೆ ಚಾಲಕನಿಗೆ ಅದು ಸಮರ್ಥನೆಯಾಗಲಾರದು, ಏಕೆಂದರೆ ಜೈನ ಕರ್ಮಸಿದ್ಧಾಂತವೇ ಅದನ್ನು ಒಪ್ಪುವುದಿಲ್ಲ: ಸಾಮಾನ್ಯ ಮನುಷ್ಯರ ಆಯುಷ್ಯವು ಅಪವರ್ತ್ಯ, ಅಂದರೆ ವಿಷ, ಶಸ್ತ್ರಗಳಂಥ ಹೊರಗಿನ ಕಾರಣಗಳಿಂದ ಅವಧಿಗೆ ಮುನ್ನವೇ ಮೊಟಕಾಗಬಲ್ಲದ್ದು. ವೇಗವೂ ಅಂಥದೇ ಒಂದು ಹೊರಗಿನ ಕಾರಣವಾಗಬಲ್ಲದು.

ಇನ್ನು, ಹೊಣೆಯು ಚಾಲಕನಲ್ಲಿಗೇ ಮುಗಿಯುವುದಿಲ್ಲ. ತಾನು ಮಾಡುವುದು ಕೃತ, ಇನ್ನೊಬ್ಬರಿಂದ ಮಾಡಿಸುವುದು ಕಾರಿತ, ಮಾಡಿದ್ದನ್ನು ಒಪ್ಪುವುದು ಅನುಮೋದನೆ. ಮೂರರಿಂದಲೂ ಕರ್ಮ ಅಂಟುತ್ತದೆ. ಹೊತ್ತಾಯಿತೆಂದು ಚಾಲಕನನ್ನು ಅವಸರಪಡಿಸುವ ಮಾಲೀಕನೂ, “ಇನ್ನಷ್ಟು ಜೋರಾಗಿ ಹೋಗಪ್ಪಾ” ಎನ್ನುವ ಪ್ರಯಾಣಿಕನೂ, ಹಿಂದೆ ರಿಫ್ಲೆಕ್ಟರ್ ಇಲ್ಲದ ಟ್ರೇಲರನ್ನು ರಸ್ತೆಗಿಳಿಸುವವನೂ ಈ ಲೆಕ್ಕದಿಂದ ಹೊರಗುಳಿಯುವುದಿಲ್ಲ. ಈ ಸೀಮೆಯ ಕಬ್ಬು ಬೆಳೆಗಾರರು, ಗಾಡಿ ಮಾಲೀಕರು ಮತ್ತು ಕಾರ್ಖಾನೆಗಳವರು ಹಂಗಾಮು ಆರಂಭವಾಗುವ ಮುನ್ನವೇ ಪ್ರತಿ ಟ್ರೇಲರಿನ ಹಿಂಬದಿಗೆ ಕೆಂಪು ರಿಫ್ಲೆಕ್ಟರ್ ಪಟ್ಟಿಗಳನ್ನು ಅಂಟಿಸಲಿ, ಮಂಜು ಕರಗುವವರೆಗೆ ಗಾಡಿಗಳನ್ನು ರಸ್ತೆಯಿಂದ ಕೆಳಗಿಳಿಸಿ ನಿಲ್ಲಿಸಿಕೊಳ್ಳಲಿ.