ಆರೋಪವಾಗಿ ಹುಟ್ಟಿದ ‘ಏಥಿಸ್ಟ್’

ದೇವರಿಲ್ಲವೆಂದು ವಾದಿಸುವವರಿಗೆ ಇಂಗ್ಲಿಷಿನಲ್ಲಿ ‘ಏಥಿಸ್ಟ್’ ಎಂಬ ಹೆಸರಿದೆ. ಅದರ ಬೇರು ಗ್ರೀಕಿನ ‘ಅಥೆಯೋಸ್’, ಅಂದರೆ ದೇವರಿಲ್ಲದವನು. ಇದು ಒಂದು ಸಿದ್ಧಾಂತದ ಹೆಸರಾಗಿಯೇ ಹುಟ್ಟಿರಬೇಕೆಂದು ತೋರುವುದು ಸಹಜ. ಚರಿತ್ರೆ ಬೇರೆಯೇ ಹೇಳುತ್ತದೆ. ಬಹುಕಾಲ ಇದು ಇನ್ನೊಬ್ಬರ ಮೇಲೆ ಹೊರಿಸುವ ಆರೋಪವಾಗಿತ್ತು. ಕ್ರಿ.ಪೂ. 399ರಲ್ಲಿ ಸಾಕ್ರೆಟೀಸನ ಮೇಲಿದ್ದ ದೂರು, ಅಥೆನ್ಸ್ ಒಪ್ಪಿದ ದೇವರುಗಳನ್ನು ಅವನು ಒಪ್ಪುವುದಿಲ್ಲ, ಹೊಸ ದೈವಗಳನ್ನು ತರುತ್ತಾನೆ ಎಂಬುದು. ನಾನು ಬೇರೆ ದೇವರನ್ನು ನಂಬುತ್ತೇನೆಂದು ನಿನ್ನ ದೂರೋ, ಯಾವ ದೇವರನ್ನೂ ನಂಬುವುದಿಲ್ಲವೆಂದೋ ಎಂದು ಪ್ಲೇಟೋನ ‘ಅಪಾಲಜಿ’ಯಲ್ಲಿ ಅವನು ಕೇಳಿದರೆ, ದೂರುದಾರ ಮೆಲೆಟಸ್ ಎರಡನೆಯದನ್ನೇ ಹಿಡಿಯುತ್ತಾನೆ. ದೈವವನ್ನೇ ನಂಬದವನು ಹೊಸ ದೈವಗಳನ್ನು ತರುವುದೆಂತು? ರೋಮನ್ನರ ಕಾಲದಲ್ಲಿ ಇದೇ ಆರೋಪ ಕ್ರೈಸ್ತರ ಮೇಲೆ ಬಿತ್ತು. ಎರಡನೆಯ ಶತಮಾನದಲ್ಲಿ ಸ್ಮಿರ್ನಾದ ಬಿಷಪ್ ಪಾಲಿಕಾರ್ಪನಿಗೆ, ‘ಅಥೆಯೋಸ್‌ಗಳು ತೊಲಗಲಿ’ ಎಂದು ಹೇಳಿ ಜೀವ ಉಳಿಸಿಕೊಳ್ಳುವಂತೆ ರಾಜ್ಯಪಾಲ ಸೂಚಿಸಿದ. ಅವನ ಮಾತಿನ ಗುರಿ ಕ್ರೈಸ್ತರು. ಪಾಲಿಕಾರ್ಪ್ ನೆರೆದ ಜನರ ಕಡೆಗೆ ಕೈ ತೋರಿಸಿ ಅದೇ ಮಾತು ಹೇಳಿದನೆಂದು ಅವನ ಬಲಿದಾನದ ವೃತ್ತಾಂತ ದಾಖಲಿಸಿದೆ. ಅಲ್ಲಿ ಎರಡೂ ಕಡೆಯವರು ಭಕ್ತರೇ.

ದೇವರನ್ನು ನಿಜವಾಗಿಯೇ ನಿರಾಕರಿಸಿದವರು ಆಗಲೂ ಇರಲಿಲ್ಲವೇ ಎಂದು ಕೇಳಬಹುದು. ಇದ್ದಿರಬಹುದು, ಮೆಲೊಸಿನ ಡಯಾಗೊರಸನಿಗೆ ಆ ಖ್ಯಾತಿಯಿದೆ. ಆದರೆ ದೇವರನ್ನು ಅಲ್ಲಗಳೆಯುವ ಅವನದೇ ಬರಹ ನಮಗೆ ಉಳಿದಿಲ್ಲ. ಅವನ ನಿಲುವು ತಿಳಿಯುವುದು ಬೇರೆಯವರ ಮಾತಿನಿಂದ. ನಮ್ಮ ‘ನಾಸ್ತಿಕ’ನ ಪಾಡೂ ಹೆಚ್ಚು ಭಿನ್ನವಲ್ಲ. ಮನುಸ್ಮೃತಿಗೆ ನಾಸ್ತಿಕನೆಂದರೆ ವೇದವನ್ನು ನಿಂದಿಸುವವನು. ಆದ್ದರಿಂದಲೇ ಜಗತ್ಕರ್ತನಾದ ಈಶ್ವರನನ್ನು ಒಪ್ಪದ ಮೀಮಾಂಸಕರು ಆಸ್ತಿಕರ ಸಾಲಿನಲ್ಲಿ ಉಳಿದರು, ಜೈನರೂ ಬೌದ್ಧರೂ ಹೊರಗಾದರು.

ಹುಟ್ಟು ಹೇಗಿದ್ದರೇನು, ಇಂದಿನ ಅರ್ಥ ಸ್ಪಷ್ಟವಾಗಿದೆಯಲ್ಲ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಅದನ್ನು ಒಪ್ಪುತ್ತೇನೆ, ಆದರೆ ಆ ಸ್ಪಷ್ಟತೆಗೆ ಬೆಲೆ ತೆತ್ತವರಿದ್ದಾರೆ. ಹದಿನಾರನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗಲೂ ‘ಏಥಿಸ್ಟ್’ ಬೈಗುಳವೇ. 1770ರಲ್ಲಿ ತತ್ವಜ್ಞಾನಿ ಡೋಲ್ಬಾಕ್ ದೇವರನ್ನು ನಿರಾಕರಿಸುವ ಗ್ರಂಥವನ್ನು ಸತ್ತವನೊಬ್ಬನ ಹೆಸರಿನಲ್ಲಿ ಹೊರತರಬೇಕಾಯಿತು. ನಾಸ್ತಿಕತೆಯ ಅಗತ್ಯದ ಬಗೆಗಿನ ಕಿರುಹೊತ್ತಗೆಯ ಕಾರಣ 1811ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಕವಿ ಶೆಲ್ಲಿಯನ್ನು ಹೊರಹಾಕಿತು. ಹೀಗೆ ಆರೋಪವನ್ನು ತಾವಾಗಿ ಹೆಗಲಿಗೇರಿಸಿಕೊಂಡವರಿಂದಲೇ ಅದೊಂದು ನಿಲುವಿನ ಹೆಸರಾಯಿತು. ಬಹಿರಂಗವಾಗಿ ನಾಸ್ತಿಕನಾಗಿದ್ದ ಚಾರ್ಲ್ಸ್ ಬ್ರಾಡ್ಲಾ 1880ರಲ್ಲಿ ಬ್ರಿಟಿಷ್ ಸಂಸತ್ತಿಗೆ ಆರಿಸಿ ಬಂದರೂ, ಪ್ರಮಾಣವಚನದ ತಕರಾರು ಮುಗಿದು ಅಲ್ಲಿ ನೆಲೆಯಾಗಿ ಕೂರಲು 1886ರವರೆಗೆ ಕಾಯಬೇಕಾಯಿತು. ದೇವರ ಹೆಸರೆತ್ತದೆ ಪ್ರಮಾಣ ಮಾಡುವ ಹಕ್ಕನ್ನು ಅಲ್ಲಿನ ಕಾನೂನು ಎಲ್ಲರಿಗೂ ತೆರೆದದ್ದು 1888ರಲ್ಲಿ.