ಯಾರ ಚರ್ಮ, ಯಾರ ಪ್ರಬಂಧ?

ಚರ್ಮರೋಗ ವೈದ್ಯರ ಸಮ್ಮೇಳನದಲ್ಲಿ ಪ್ರಬಂಧ ಓದಬೇಕೆಂದರೆ ಅದರ ಸಾರವನ್ನು ಮೊದಲೇ ಬರೆದು ಕಳಿಸಬೇಕು. ಸುಮಾರು 250 ಶಬ್ದ. ಹಿನ್ನೆಲೆ, ವಿಧಾನ, ಫಲಿತಾಂಶ, ನಿರ್ಣಯ ಎಂದು ನಾಲ್ಕು ಖಾನೆ. ಅದಕ್ಕೆ ಅವರು ಅಬ್‌ಸ್ಟ್ರಾಕ್ಟ್ ಅನ್ನುತ್ತಾರೆ. ಆ ಶಬ್ದದ ಹುಟ್ಟು ಲ್ಯಾಟಿನ್ನಿನದು. ‘ಎಳೆದು ತೆಗೆದದ್ದು’ ಎಂದು ಅರ್ಥ. ಯಾವುದರಿಂದ ಎಳೆದದ್ದು? ಎಳೆದ ಮೇಲೆ ಹಿಂದೆ ಉಳಿದದ್ದು ಏನಾಯಿತು? ಒಬ್ಬರ ಮೈಮೇಲಿನ ನೋವು ಇನ್ನೊಬ್ಬರ ಪ್ರಮಾಣಪತ್ರವಾಗುವುದು ನ್ಯಾಯವೇ? ನ್ಯಾಯವಾದರೆ ಯಾವ ಷರತ್ತಿನ ಮೇಲೆ?

ಕೆಲ ಗೆಳೆಯರು ನಗಬಹುದು. ಕೂಲಿ ಐತಿ, ಭೂಮಿ ಐತಿ, ಹಾಸ್ಟೆಲಿನ ಅನ್ನದಾಗಿನ ಹುಳ ಐತಿ, ಇದನ್ನೆಲ್ಲ ಬಿಟ್ಟು ಡಾಕ್ಟರರ ಸಮ್ಮೇಳನದ ಉಸಾಬರಿ ನಮಗ್ಯಾಕ? ಯಾಕೆಂದರೆ ಅಲ್ಲಿ ಪರದೆಯ ಮೇಲೆ ಮೂಡುವ ಚರ್ಮ ನಮ್ಮದು. ಇನ್ನೊಂದು ಕಾರಣವೂ ಇದೆ. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದ ಕೊಪ್ಪಳಕ್ಕೆ 2015ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು. ಕೇರಿಯ ಮಕ್ಕಳು ಈಗ ಅಲ್ಲಿಗೂ, ಬೇರೆ ಊರಿನ ಅಂಥ ಕಾಲೇಜುಗಳಿಗೂ ಮೀಸಲಾತಿಯ ಬಾಗಿಲಿನಿಂದ ತಲೆಯೆತ್ತಿ ಹೋಗುತ್ತಿದ್ದಾರೆ. ಇಷ್ಟು ಕಾಲ ಚರ್ಮ ಮಾತ್ರ ನಮ್ಮದಾಗಿತ್ತು. ಇನ್ನು ಮುಂದೆ ಬರೆಯುವ ಕೈಯೂ ನಮ್ಮದಾಗುತ್ತದೆ. ಆಗ ಈ ಪ್ರಶ್ನೆ ಪರರ ಪ್ರಶ್ನೆಯಾಗಿ ಉಳಿಯುವುದಿಲ್ಲ.

ನಮ್ಮ ಸೀಮೆಯ ಚರ್ಮ ಎಂದರೇನು ಎಂದು ಸ್ವಲ್ಪ ನೋಡೋಣ. ಗಂಗಾವತಿಯ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆ ಹರಿದು ಭತ್ತ ಬಂತು. ನಾಡಿಗೆಲ್ಲ ಅನ್ನ ಹಾಕುವ ಆ ಗದ್ದೆಗಳಲ್ಲಿ ಸಸಿ ಹಚ್ಚುವ ಹೆಣ್ಣುಮಕ್ಕಳು ಮುಂಜಾನೆಯಿಂದ ಸಂಜೆಯತನಕ ಕೆಸರಿನಲ್ಲಿ ಬಾಗಿ ನಿಲ್ಲುತ್ತಾರೆ. ಬೆರಳ ಸಂದಿ ಬೆಳ್ಳಗೆ ಕೊಳೆತು ಬಿರಿಯುತ್ತದೆ, ಉಗುರಿನ ಬುಡ ಬಾತು ಕೀವು ತುಂಬುತ್ತದೆ. ಕುಷ್ಟಗಿ, ಯಲಬುರ್ಗಾ ಕಡೆ ಮಳೆ ನಂಬಿದ ಎರೆ ಹೊಲ, ಮಸಾರಿ ಹೊಲ. ಮಳೆ ಹೋದರೆ ಗುಳೆ. ಅಲ್ಲಿಯ ಹಿಮ್ಮಡಿಯ ಬಿರುಕಿನಲ್ಲಿ ಮಣ್ಣು ತುಂಬಿಕೊಂಡು ಅದೇ ಇನ್ನೊಂದು ತೊಗಲಾಗಿರುತ್ತದೆ. ತುರಿ, ಕಜ್ಜಿ, ಇಸಬು, ಹುಳಕಡ್ಡಿ, ತೊನ್ನು, ಚಿಬ್ಬು — ನಮ್ಮವ್ವಂದಿರು ಕೊಟ್ಟ ಹೆಸರುಗಳು ಇವು. ಒಂದೊಂದು ಹೆಸರಿಗೂ ಒಂದೊಂದು ಬಗೆಯ ಉರಿ ಗೊತ್ತು. ಅಬ್‌ಸ್ಟ್ರಾಕ್ಟಿನ ಮೊದಲ ಕತ್ತರಿ ಈ ಹೆಸರುಗಳ ಮೇಲೆಯೇ ಬೀಳುತ್ತದೆ. ಬೀಳಲಿ, ಲೋಕಕ್ಕೆಲ್ಲ ತಿಳಿಯುವ ಒಂದು ಹೆಸರು ವಿಜ್ಞಾನಕ್ಕೆ ಬೇಕು ಎಂಬುದು ನನಗೂ ಒಪ್ಪಿಗೆ. ನನ್ನ ತಕರಾರು ಎರಡನೆಯ ಕತ್ತರಿಯ ಮೇಲೆ.

ಕಾಂಗ್ರೆಸ್ ಗಿಡದ ಕತೆ ತೆಗೆದುಕೊಳ್ಳಿ. ಪುಸ್ತಕದ ಹೆಸರು ಪಾರ್ಥೇನಿಯಂ. ಅಮೆರಿಕದ ಗೋಧಿಯ ಜೊತೆ ಬಂತೆಂದು ಜನ ಹೇಳುತ್ತಾರೆ. 1950ರ ದಶಕದಲ್ಲಿ ಪುಣೆಯಲ್ಲಿ ಕಂಡದ್ದು ಬೇಗ ಬೇಗ ನಮ್ಮ ಬದುವಿಗೂ ಹಬ್ಬಿತು. ಕರ್ನಾಟಕ ಸರ್ಕಾರ 1975ರಲ್ಲಿ ಇದನ್ನು ಅಪಾಯಕಾರಿ ಕಳೆಯೆಂದು ಸಾರಿತು. ಗಿಡ ಸರ್ಕಾರದ ಆದೇಶ ಓದಲಿಲ್ಲ. ಇದರ ಪುಡಿ ಗಾಳಿಯಲ್ಲಿ ಹಾರಿ ಮುಖ, ಕತ್ತು, ಮೊಳಕೈ ಮಡಿಕೆಗೆ ಕೂತು, ಒಗ್ಗದವರ ಚರ್ಮ ಆನೆಯ ತೊಗಲಿನ ಹಾಗೆ ದಪ್ಪಗಾಗಿ ಬಿರಿಯುತ್ತದೆ. ಬಿಸಿಲಿಗೆ ಇನ್ನೂ ಉರಿ. ಈ ಕಾಯಿಲೆಯ ಮೇಲೆ ಭಾರತದ ವೈದ್ಯರು ಬರೆದಷ್ಟು ಇನ್ನಾರೂ ಬರೆದಿರಲಿಕ್ಕಿಲ್ಲ. ಒಳ್ಳೆಯ ಕೆಲಸ, ಅನುಮಾನವಿಲ್ಲ. ಆದರೆ ಇಂಥ ಬರಹದಲ್ಲಿ ರೋಗಿ ‘ಕೃಷಿ ಕಾರ್ಮಿಕ, ಹೆಣ್ಣು, 45 ವರ್ಷ’ ಆಗುತ್ತಾಳೆ. ಕೊನೆಗೆ ಕೊಡುವ ಸಲಹೆ ಒಂದೇ — ಗಿಡದ ಸಂಪರ್ಕ ತಪ್ಪಿಸಿ.

ಹೆಂಗ ತಪ್ಪಿಸಬೇಕು? ಹೊಲ ಅವಳದಲ್ಲ. ಕಸ ತೆಗೆಯುವುದೇ ಅವಳ ಕೂಲಿ. ಆ ಸಲಹೆಯನ್ನು ಕನ್ನಡಕ್ಕೆ ಇಳಿಸಿದರೆ ‘ಉಣ್ಣುವುದನ್ನು ತಪ್ಪಿಸು’ ಎಂದಾಗುತ್ತದೆ. ಗೇಣಿಯವನು ಕೈಗವಸು ಕೊಟ್ಟನೇ, ಬದುವಿನ ಗಿಡವನ್ನು ಬೇರೆ ಯಾರು ಕೀಳಬೇಕಿತ್ತು, ಒಂದು ದಿನ ಕೆಲಸ ಬಿಟ್ಟರೆ ಆ ಮನೆಯ ಗತಿ ಏನು — ಇವನ್ನು ಕೇಳಲು ನಾಲ್ಕು ಖಾನೆಗಳಲ್ಲಿ ಜಾಗವಿಲ್ಲ. ಹೂವಿನ ಪುಡಿ ಕಾರಣವೆಂದು ಬರೆಯಬಹುದು, ಭೂಮಾಲಿಕತ್ವ ಕಾರಣವೆಂದು ಬರೆದರೆ ಅದು ‘ವಿಷಯಾಂತರ’. ಇದೇ ಎರಡನೆಯ ಕತ್ತರಿ.

ಇಲ್ಲಿಗೆ ಬಂದ ಮೇಲೆ ನಮ್ಮಲ್ಲಿ ಕೆಲವರು ಸುಲಭದ ಉತ್ತರ ಹೇಳಿಬಿಡುತ್ತಾರೆ: ಎಲ್ಲ ಶೋಷಣೆ, ನಮ್ಮ ಮೈ ತೋರಿಸಬಾರದು, ಫೋಟೋ ಕೊಡಬಾರದು. ಈ ಸಿಟ್ಟು ಸುಮ್ಮನೆ ಹುಟ್ಟಿದ್ದಲ್ಲ. ಕುಷ್ಠದ ರೋಗಾಣುವನ್ನು 1873ರಲ್ಲಿ ಕಂಡುಹಿಡಿದ ನಾರ್ವೆಯ ಹ್ಯಾನ್ಸೆನ್ ದೊಡ್ಡ ಮನುಷ್ಯ, ಸರಿಯೆ. ಅದೇ ಹ್ಯಾನ್ಸೆನ್ 1879ರಲ್ಲಿ ತನ್ನ ಆಸ್ಪತ್ರೆಯ ರೋಗಿ ಹೆಂಗಸೊಬ್ಬಳ ಕಣ್ಣಿಗೆ, ಅವಳನ್ನು ಕೇಳದೆ, ಇನ್ನೊಬ್ಬ ರೋಗಿಯ ಗಂಟಿನಿಂದ ತೆಗೆದದ್ದನ್ನು ಚುಚ್ಚಿದ. 1880ರಲ್ಲಿ ಬರ್ಗೆನ್ನಿನ ನ್ಯಾಯಾಲಯ ಅವನನ್ನು ಆ ಆಸ್ಪತ್ರೆಯ ಹುದ್ದೆಯಿಂದ ತೆಗೆಯಿತು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಹೋಮ್ಸ್‌ಬರ್ಗ್ ಎಂಬ ಜೈಲು. ಕ್ಲಿಗ್‌ಮನ್ ಎಂಬ ಹೆಸರಾಂತ ಚರ್ಮವೈದ್ಯ 1951ರಿಂದ 1974ರವರೆಗೆ ಅಲ್ಲಿಯ ಕೈದಿಗಳ ಬೆನ್ನಿನ ಮೇಲೆ ಪ್ರಯೋಗ ನಡೆಸಿದ. ಅವರಲ್ಲಿ ಹೆಚ್ಚಿನವರು ಕರಿಯರು. ಆ ಚರಿತ್ರೆಯನ್ನು ಹಾರ್ನ್‌ಬ್ಲಮ್ 1998ರಲ್ಲಿ ಬರೆದಾಗ ಪುಸ್ತಕಕ್ಕೆ ಇಟ್ಟ ಹೆಸರು ‘ಏಕರ್ಸ್ ಆಫ್ ಸ್ಕಿನ್’ — ಎಕರೆಗಟ್ಟಲೆ ಚರ್ಮ. ಎಕರೆ ಎಂಬ ಶಬ್ದ ಕೇಳಿದರೆ ಭೂಮಿ ಇಲ್ಲದವರಿಗೆ ಏನು ನೆನಪಾಗುತ್ತದೆಂದು ನಾನು ಬಿಡಿಸಿ ಹೇಳಬೇಕಿಲ್ಲ. ವಿಶ್ವವಿದ್ಯಾಲಯ 2021ರಲ್ಲಿ, ಆ ನಗರ 2022ರಲ್ಲಿ ಕ್ಷಮೆ ಕೇಳಿದವು. ಪ್ರಯೋಗ ನಿಂತು ಆಗಲೇ ಐವತ್ತು ವರ್ಷ ಸಮೀಪಿಸಿತ್ತು.

1975ರ ವಿಷಯ ಬಂದದ್ದಕ್ಕೆ ಇನ್ನೊಂದು ಮಾತು. ಅದೇ ವರ್ಷ ಹಾರ್ವರ್ಡಿನ ಫಿಟ್ಸ್‌ಪ್ಯಾಟ್ರಿಕ್ ಮನುಷ್ಯರ ಚರ್ಮವನ್ನು ಬಿಸಿಲಿಗೆ ಸುಡುವ ಬಗೆಯ ಮೇಲೆ ತರಗತಿ ಮಾಡಿದ. ಮೊದಲು ಮಾಡಿದ್ದು ಬಿಳಿಯರಿಗೆ. ಕಂದು, ಕಪ್ಪು ಚರ್ಮಕ್ಕೆ 5, 6 ಎಂಬ ಅಂಕಿ ಸಿಕ್ಕಿದ್ದು ಆಮೇಲೆ. ಅದೇ ವರ್ಷವೇ ನಮ್ಮ ದೇಶದಲ್ಲಿ ‘ಫೇರ್ ಅಂಡ್ ಲವ್ಲಿ’ ಪೇಟೆಗೆ ಬಂತು. 2020ರಲ್ಲಿ ‘ಗ್ಲೋ ಅಂಡ್ ಲವ್ಲಿ’ ಎಂದು ಹೆಸರು ಬದಲಿಸಿಕೊಂಡಿತು. (ಹೆಸರು ಬದಲಿಸಿದರೆ ಪಾಪ ಹೋಗುವುದಿದ್ದರೆ ನಮ್ಮ ಕೇರಿಗಳಿಗೆ ಸರ್ಕಾರ ಎಷ್ಟು ‘ನಗರ’ಗಳ ಹೆಸರಿಟ್ಟಿಲ್ಲ!) ಪಠ್ಯಪುಸ್ತಕದಲ್ಲಿ ‘ಕೆಂಪಗಾಗುತ್ತದೆ’ ಎಂದಿರುತ್ತದೆ. ನಮ್ಮ ಚರ್ಮ ಕೆಂಪಗಾಗುವುದಿಲ್ಲ, ಇನ್ನಷ್ಟು ಕಪ್ಪಗೋ ನೇರಳೆಗೋ ತಿರುಗುತ್ತದೆ. ಲಂಡನ್ನಿನಲ್ಲಿ ವೈದ್ಯಕೀಯ ಓದುತ್ತಿದ್ದ ಮುಕ್ವೆಂಡೆ ಎಂಬ ಕರಿಯ ವಿದ್ಯಾರ್ಥಿ ಇದನ್ನೇ ಎತ್ತಿಕೊಂಡು, ಕಪ್ಪು, ಕಂದು ಚರ್ಮದಲ್ಲಿ ರೋಗ ಹೇಗೆ ಕಾಣುತ್ತದೆಂದು ಗುರುಗಳ ಜೊತೆ ಸೇರಿ 2020ರಲ್ಲಿ ಕೈಪಿಡಿ ತಂದ.

ಈ ಹುಡುಗನ ಕೆಲಸವೇ ‘ತೋರಿಸಬಾರದು’ ಎಂಬ ವಾದಕ್ಕೆ ಉತ್ತರ. ಫೋಟೋ ಇಲ್ಲದಿದ್ದರೆ ನಮ್ಮ ರೋಗ ಯಾರಿಗೂ ಕಾಣುವುದಿಲ್ಲ. ಇನ್ನೊಂದು ಉದಾಹರಣೆ ನಮ್ಮ ನಡುವಿನದೇ. ಹುಳಕಡ್ಡಿಗೆ, ಮುಖ ಬೆಳ್ಳಗಾಗಲಿಕ್ಕೆ ಎಂದು ಔಷಧದಂಗಡಿಯಿಂದ ಸ್ಟೀರಾಯ್ಡ್ ಬೆರೆಸಿದ ಮುಲಾಮನ್ನು ಹಳ್ಳಿ ಹಳ್ಳಿಯಲ್ಲಿ ಹಚ್ಚಿಕೊಂಡರು. ಎರಡು ದಿನ ತುರಿಕೆ ನಿಲ್ಲುತ್ತದೆ, ಮೂರನೆಯ ದಿನ ಮೈತುಂಬ ಹಬ್ಬುತ್ತದೆ. ಚರ್ಮ ಕಾಗದದಷ್ಟು ತೆಳುವಾಗುತ್ತದೆ. ಚರ್ಮರೋಗ ವೈದ್ಯರು ವರ್ಷಗಟ್ಟಲೆ ಇಂಥ ಪ್ರಕರಣಗಳನ್ನು ಸಮ್ಮೇಳನಗಳಲ್ಲಿ, ಪತ್ರಿಕೆಗಳಲ್ಲಿ ಮಂಡಿಸಿದರು, ಅವರ ಸಂಘ ಬೆನ್ನುಹತ್ತಿತು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದೆಂದು ನಿಯಮ ಮಾಡಿತು. ನಿಯಮ ನಮ್ಮ ಸಂತೆಯ ತನಕ ನಡೆದು ಬಂದಿದೆಯೋ ಎಂಬುದು ಬೇರೆ ಮಾತು. ಸಣ್ಣ ಸಣ್ಣ 250 ಶಬ್ದಗಳು ಒಟ್ಟುಗೂಡಿದಾಗ ಕಾನೂನನ್ನು ಅಲುಗಿಸಬಲ್ಲವು ಎಂಬುದು ಮಾತ್ರ ಸುಳ್ಳಲ್ಲ.

ಹೆಸರಿನ ಮಾತೂ ಇಷ್ಟು ಸರಳವಲ್ಲ. ಹಲವು ಸಮ್ಮೇಳನಗಳಲ್ಲಿ ಪರೀಕ್ಷಕರಿಗೆ ಬರೆದವರ ಹೆಸರು, ಊರು, ಕಾಲೇಜು ಕಾಣದಂತೆ ಮುಚ್ಚಿ ಕೊಡುತ್ತಾರೆ. ಅಡ್ಡಹೆಸರು ನೋಡಿ ಅಂಕ ಇಳಿಸುವ ಈ ದೇಶದಲ್ಲಿ ಅದು ಸಣ್ಣ ಸಂಗತಿಯಲ್ಲ. ನಮ್ಮ ಡಾಕ್ಟರ್ ತಂಗಿಯ ಮಾತನ್ನು ಮಾತಾಗಿಯೇ ತೂಗುವ ತಕ್ಕಡಿ ಅದು. ಆದರೆ ಪರೀಕ್ಷೆ ಮುಗಿದ ಮೇಲೆ ಬರೆದವರ ಹೆಸರಿನ ಮೇಲಿನ ಮುಸುಕು ತೆಗೆಯುತ್ತಾರೆ, ವೇದಿಕೆಯಲ್ಲಿ ಕರೆಯುತ್ತಾರೆ. ರೋಗಿಯ ಹೆಸರು ಮುಚ್ಚಿದ್ದು ಮುಚ್ಚಿದ ಹಾಗೇ. ಅವಳ ಮಾನ ಕಾಯಲಿಕ್ಕೆ ಅದು ಬೇಕೇ ಬೇಕು. ಹೆಸರಿನ ಜೊತೆ ಅವಳ ಪಾಲೂ ಅಳಿಸಿಹೋಗಬೇಕೇ ಎಂಬುದು ನನ್ನ ಕೇಳ್ವಿ.

ನಮ್ಮ ಓಣಿಯ ಗೆಳೆಯನೊಬ್ಬ ದೂರದ ಊರಲ್ಲಿ ಚರ್ಮರೋಗದ ಸ್ನಾತಕೋತ್ತರ ಓದುತ್ತಿದ್ದಾನೆ. ಗಂಗಾವತಿ ಕಡೆಯ ಹಳ್ಳಿಯೊಂದರ ಶಿಬಿರಕ್ಕೆ ಬಂದಾಗ, ಒಪ್ಪಿಗೆ ಪತ್ರದ ಕನ್ನಡ ಯಾರಿಗೂ ತಿಳಿಯದು, ಓದಿ ಹೇಳು ಬಾ ಎಂದು ನನ್ನನ್ನು ಕರೆದ. ‘ದತ್ತಾಂಶದ ಪ್ರಸರಣಕ್ಕೆ ಸ್ವಯಂಪ್ರೇರಿತ ಸಮ್ಮತಿ’ ಎಂದಿತ್ತು, ಎಂ.ಎ. ಮಾಡಿದ ನನಗೇ ಎರಡು ಸಲ ಓದಬೇಕಾಯಿತು. ಅಕ್ಷರ ಬಾರದವರಿಗೆ ಸಾಕ್ಷಿಯ ಎದುರು ಓದಿ ಹೇಳಿಯೇ ಹೆಬ್ಬೆಟ್ಟು ಪಡೆಯಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. ಓದಿ ಹೇಳಿದೆ. ಒಬ್ಬ ಅವ್ವ ಕೇಳಿದಳು: “ತಮ್ಮಾ, ಹೆಬ್ಬೆಟ್ಟ ಒತ್ತಲಿಲ್ಲಂದ್ರ ಗುಳಿಗಿ ಕೊಡಂಗಿಲ್ಲೇನು?” ಕೊಡ್ತಾರವ್ವಾ, ಒತ್ತಿದ್ರೂ ಕೊಡ್ತಾರ, ಬಿಟ್ರೂ ಕೊಡ್ತಾರ ಅಂದೆ. ಅವಳು ನಂಬಲಿಲ್ಲ. ಅವಳ ಬದುಕಿನಲ್ಲಿ ಹೆಬ್ಬೆಟ್ಟು ಒತ್ತದೆ ಯಾವುದು ಸಿಕ್ಕಿದೆ, ಒತ್ತಿ ಯಾವುದು ಉಳಿದಿದೆ? ಹಸಿದವರ ‘ಹೂಂ’ ಒಪ್ಪಿಗೆಯೇ? ಎಷ್ಟೇ ಒಳ್ಳೆಯ ಮಾರ್ಗಸೂಚಿಯೂ ಈ ಪ್ರಶ್ನೆಯ ಹೊಸ್ತಿಲಲ್ಲೇ ನಿಲ್ಲುತ್ತದೆ.

ಇನ್ನೊಬ್ಬಾಕಿ, ವಯಸ್ಸಾದವಳು, ಗೆಳೆಯ ಅವಳ ಕೈ ಹಿಡಿಯಲು ಚಾಚಿದಾಗ ಕೈ ಹಿಂದೆ ಎಳೆದುಕೊಂಡು, “ನಾವು ಕೇರಿಯವ್ರದೀವ್ರಿ ಸಾಹೇಬ್ರ” ಅಂದಳು. ಅವನು “ನಾನೂ ಕೇರಿಯವನ ಅದೀನಬೇ” ಎಂದು ಹಿಡಿದ. ಮುಟ್ಟದೆ ಈ ಶಾಸ್ತ್ರ ಒಂದು ಹೆಜ್ಜೆ ನಡೆಯದು. ಕುಷ್ಠದ ಮಚ್ಚೆಗೆ ಸ್ಪರ್ಶ ತಿಳಿಯುತ್ತದೋ ಇಲ್ಲವೋ ಎಂದು ಮುಟ್ಟಿಯೇ ನೋಡಬೇಕು. ಅಂಥ ಶಾಸ್ತ್ರ ಕಾಲಿಟ್ಟ ಜಿಲ್ಲೆ ಯಾವುದು? ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ಕ್ಷೌರದಂಗಡಿ, ಹೋಟೆಲುಗಳಿಗೆ ಪ್ರವೇಶವಿಲ್ಲದ್ದನ್ನು ಪ್ರಶ್ನಿಸಿದ ದಲಿತರ ಗುಡಿಸಲುಗಳಿಗೆ 2014ರಲ್ಲಿ ಬೆಂಕಿ ಬಿತ್ತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ 2021ರಲ್ಲಿ ಎರಡು ವರ್ಷದ ಕೂಸು ಗುಡಿಯೊಳಗೆ ಓಡಿದ್ದಕ್ಕೆ ಶುದ್ಧಿಯ ಖರ್ಚೆಂದು ದಂಡ ಕೇಳಿದರು. ಯಲಬುರ್ಗಾ ತಾಲೂಕಿನ ಸಂಗನಾಳದಲ್ಲಿ 2024ರ ಆಗಸ್ಟಿನಲ್ಲಿ ಕ್ಷೌರ ಕೇಳಿದ ದಲಿತ ಯುವಕ ಕತ್ತರಿಯ ಇರಿತಕ್ಕೆ ಸತ್ತ. ಇರಿದ ಆರೋಪ ಹೊತ್ತವನೂ ಮೈಮುಟ್ಟಿ ದುಡಿದು ಬದುಕುವ ಕಸುಬಿನವನೇ. ಇಲ್ಲಿ ಚರ್ಮವೆಂದರೆ ಬರೀ ಅಂಗವಲ್ಲ, ಅದು ಊರಿನ ಗಡಿ.

ಹಾಗಾದರೆ ಅಬ್‌ಸ್ಟ್ರಾಕ್ಟಿನಲ್ಲಿ ಜಾತಿ ಬರೆಯಬೇಕೇ? ಗೆಳೆಯನೂ ನಾನೂ ಒಂದು ರಾತ್ರಿ ಪೂರ್ತಿ ಜಗಳಾಡಿದ್ದು ಇದರ ಮೇಲೆ. ಬರೆಯದಿದ್ದರೆ ನಾವು ಕಾಣೆಯಾಗುತ್ತೇವೆ ಅಂದ ಅವನು. ಬರೆದರೆ ನಾಳೆ ‘ಈ ಜಾತಿಯವರಿಗೆ ಈ ರೋಗ ಸಹಜ’ ಎನ್ನುವ ಪಂಡಿತ ಹುಟ್ಟುತ್ತಾನೆ ಅಂದೆ ನಾನು. ಜಾತಿ ಚರ್ಮದೊಳಗಿಲ್ಲ. ಯಾರ ಚರ್ಮ ದಿನವಿಡೀ ಕೆಸರಿನಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವ ಜಾಗದಲ್ಲಿ ಅದು ಕೂತಿದೆ. ಆದ್ದರಿಂದ ಆ ತೀರ್ಮಾನವನ್ನು ಬರೆಯಬೇಕು: ಹೊಲ ಯಾರದು, ಎಷ್ಟು ತಾಸು ನೀರಿನಲ್ಲಿ, ಕೈಗವಸು ಉಂಟೋ ಇಲ್ಲವೋ, ರೋಗ ಬಂದು ಎಷ್ಟು ತಿಂಗಳಿಗೆ ಡಾಕ್ಟರನ್ನು ಕಂಡಳು, ಯಾಕೆ ತಡವಾಯಿತು. ಇವು ಕವಿತೆಯಲ್ಲ, ಎಣಿಸಬಹುದಾದ ಸಂಗತಿಗಳು. ‘ವಿಧಾನ’ದ ಖಾನೆಯಲ್ಲಿ ಕೂರಬಲ್ಲವು.

ಹರಳಯ್ಯ, ಕಲ್ಯಾಣಮ್ಮರ ಕತೆ ನಮಗೆಲ್ಲ ಗೊತ್ತು. ತಮ್ಮ ತೊಡೆಯ ಚರ್ಮ ತೆಗೆದು ಬಸವಣ್ಣನಿಗೆ ಪಾದರಕ್ಷೆ ಮಾಡಿದರು. ನಮ್ಮ ಹಿರಿಯರು ಈ ಕತೆ ಹೇಳುವಾಗ ಕೊಟ್ಟವರ ಭಕ್ತಿಯನ್ನೇ ಹೊಗಳುತ್ತಾರೆ. ನನಗೆ ಬೇಕಾದದ್ದು ಪಡೆದವನು ಏನು ಮಾಡಿದ ಎಂಬುದು. ಅವನು ಅದನ್ನು ಮೆಟ್ಟಲಿಲ್ಲ. ತಲೆಯ ಮೇಲಿಟ್ಟುಕೊಂಡ, ಇದಕ್ಕೆ ನಾನು ಅರ್ಹನಲ್ಲ ಎಂದು ಹಿಂತಿರುಗಿಸಿದ. ಬಯಾಪ್ಸಿಗೆಂದು ನಾಲ್ಕು ಮಿಲಿಮೀಟರ್ ಚರ್ಮ ತೆಗೆದ ಡಾಕ್ಟರು ಅದನ್ನು ಮರಳಿ ಕೊಡಲಾರ. ತಿಳಿದದ್ದನ್ನು ಮರಳಿ ಕೊಡಬಲ್ಲ. ಸಮ್ಮೇಳನದಲ್ಲಿ ಇಂಗ್ಲಿಷಿನಲ್ಲಿ ಓದಿದ್ದನ್ನು ಅದೇ ಹಳ್ಳಿಯ ಶಾಲೆಯ ಅಂಗಳದಲ್ಲಿ, ಅದೇ ಹೆಣ್ಣುಮಕ್ಕಳ ಎದುರು, ಇಸಬು, ತುರಿ ಎಂಬ ಅವರದೇ ಶಬ್ದದಲ್ಲಿ ಹೇಳಲು ಎಷ್ಟು ಖರ್ಚು? ಬೆಂಗಳೂರಿನ ಹೋಟೆಲಿನ ಒಂದು ರಾತ್ರಿಯ ಬಾಡಿಗೆಯೂ ಆಗಲಿಕ್ಕಿಲ್ಲ. ಹಳ್ಳಿಯ ಮೇಷ್ಟ್ರುಗಳು ಇದನ್ನು ಓದುತ್ತಿದ್ದರೆ, ನಿಮ್ಮೂರಿಗೆ ಶಿಬಿರ ಬಂದಾಗ ಡಾಕ್ಟರರನ್ನು ಇಷ್ಟು ಕೇಳಿರಿ: ಸರ, ಫೋಟೋ ತಗೊಂಡು ಹೊಂಟೀರಿ, ಸುದ್ದಿ ಹೇಳಾಕ ಯಾವಾಗ ಬರ್ತೀರಿ?

ಗೆಳೆಯ ಬರೆದು ತಂದದ್ದು 271 ಶಬ್ದ ಇತ್ತು. ಇಪ್ಪತ್ತೊಂದು ಕಡಿಮೆ ಮಾಡಬೇಕು. ಅವನ ಮೇಲಿನವರೊಬ್ಬರು ‘ಸ್ವಂತ ಭೂಮಿ ಇಲ್ಲದವರು, ಕೈಗವಸು ದೊರೆಯದವರು’ ಎಂಬ ಸಾಲಿಗೆ ಪೆನ್ಸಿಲಿನಿಂದ ಗೆರೆ ಎಳೆದಿದ್ದರು. ಇಬ್ಬರೂ ಕೂತು ಹಿನ್ನೆಲೆಯಲ್ಲಿದ್ದ ಅಲಂಕಾರದ ಮಾತುಗಳನ್ನು ತೆಗೆದೆವು, ‘ಗಮನಾರ್ಹವಾಗಿ’ ಎಂಬುದು ನಾಲ್ಕು ಕಡೆ ಇತ್ತು, ಮೂರು ಕಡೆ ತೆಗೆದೆವು. ಆ ಸಾಲು ಉಳಿಯಿತು. ಸಮ್ಮೇಳನದವರು ಒಪ್ಪುತ್ತಾರೋ ಇಲ್ಲವೋ ಇನ್ನೂ ಉತ್ತರ ಬಂದಿಲ್ಲ. ಕೈ ಹಿಂದೆ ಎಳೆದುಕೊಂಡಿದ್ದ ಮುದುಕಿ ಮಾತ್ರ ಆ ದಿನ ಹೊರಡುವಾಗ ಕೇಳಿದ್ದು ಇಷ್ಟು: “ಯಪ್ಪಾ, ನನ್ನ ಕೈದು ತಗದೀಯಲ್ಲ, ಅದ್ರಾಗ ಮಾರಿದೂ ಒಂದು ತಗೀ. ನನ್ನ ಫೋಟೋನ ಇಲ್ಲ ಮನ್ಯಾಗ.” ಅವನು ತೆಗೆದ. ಅದನ್ನು ಪ್ರಿಂಟು ಹಾಕಿಸಿ ಮುಟ್ಟಿಸುವ ಕೆಲಸ ನನ್ನ ಪಾಲಿಗೆ ಬಂದಿದೆ.